ಪಾರಿಶ್ವಾಡದ ಇಂಜಿನ್ನಿನ ಮುಂದೆ ನಾನಾಡಿದ ಸುಳ್ಳು

ನಾನು ಒಬ್ಬ ಕಮ್ಮಾರನ ಬಲಗೈ ಕಳೆದೆ. ತಪ್ಪು ಅವನದೇ ಎಂದು ನಾಲ್ಕು ಜನರ ಮುಂದೆ ಹೇಳಿದೆ. ಪದ್ಮಾವತಿ ಅಮ್ಮನವರು ನನ್ನ ಮೊರೆ ಕೇಳಿದ ಸಂಗತಿಯನ್ನು ಬರೆದುಕೊಡಬೇಕೆಂದು ನಮ್ಮ ಬಸದಿಯ ಹಿರಿಯರು ಹಲವು ಸಲ ಕೇಳಿದ್ದಾರೆ. ಅವರಿಗೆ ಗೊತ್ತಿರುವುದು ಅರ್ಧ ಮಾತ್ರ. ಮೇಲಿನ ಮೊದಲ ಎರಡು ವಾಕ್ಯಗಳನ್ನು ಬರೆಯದೆ ಉಳಿದದ್ದನ್ನು ಬರೆದರೆ ಅದೂ ಒಂದು ಸುಳ್ಳಾಗುತ್ತದೆ.

ನನಗೆ ಈಗ ಅರವತ್ತೇಳು ವರ್ಷ. ಬೆಳಗಾವಿಯವನು. ಮ್ಯಾಟ್ರಿಕ್ ತನಕ ಓದಿ, ಹತ್ತಿ ಗಿರಣಿಯಲ್ಲಿ ಇಂಜಿನ್ ಕೆಲಸ ಕಲಿತು, ಆಮೇಲೆ ಸ್ವಂತಕ್ಕೆ ದುರಸ್ತಿ ಕೆಲಸ ಹಿಡಿದೆ. ಹೊಳೆಯಿಂದ ನೀರೆತ್ತುವ ಎಣ್ಣೆ ಇಂಜಿನ್, ಕಬ್ಬಿನ ಗಾಣ ತಿರುಗಿಸುವ ಇಂಜಿನ್, ಯಾವುದು ಕೆಟ್ಟರೂ ಕರೆ ಬರುತ್ತಿತ್ತು. ಇಂಗ್ಲಿಷ್ ಪುಸ್ತಕ ಓದಿ ದುರಸ್ತಿ ಮಾಡುವವರು ಆಗ ಈ ಕಡೆ ಕಡಿಮೆ. ಜನ ನನ್ನನ್ನು ಮ್ಯಾಟ್ರಿಕ್ ಮಿಸ್ತ್ರಿ ಎನ್ನುತ್ತಿದ್ದರು. ಇಂಜಿನ್ನಿಗೆ ಸೀಮೆಎಣ್ಣೆ ಹಾಕುವಾಗ ಎರಡು ಪದರ ಅರಿವೆಯಲ್ಲಿ ಸೋಸುತ್ತಿದ್ದೆ. ಕಸ ಹೋಗದಿರಲೆಂದು ಎಲ್ಲರೂ ಸೋಸುತ್ತಾರೆ. ನಾನು ಇರುವೆ ಸಾಯದಿರಲೆಂದು ಸೋಸುತ್ತಿದ್ದೆ, ನೋಡುತ್ತ ನಿಂತವರಿಗೆ ಅದನ್ನು ಹೇಳಿಯೂ ಹೇಳುತ್ತಿದ್ದೆ.

ಇಸವಿ ೧೯೨೫ರ ಭಾದ್ರಪದ. ದಶಲಕ್ಷಣ ಪರ್ವದ ನಾಲ್ಕನೆಯ ದಿನ ನಾನು ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿದ್ದೆ. ಅಲ್ಲಿಯ ನೇಮಗೌಡರು ನಮ್ಮವರೇ, ಜೈನರು. ಮುಂಬಯಿಯಿಂದ ಒಂದು ಸಣ್ಣ ಟ್ರ್ಯಾಕ್ಟರ್ ತರಿಸಿದ್ದರು. ಊರವರು ಅದಕ್ಕೆ ಸೀಮಿಎಣ್ಣಿ ಎತ್ತು ಎಂದು ಹೆಸರಿಟ್ಟಿದ್ದರು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಅದು ನಡೆಯಬೇಕೆಂದು ನನ್ನನ್ನು ಕರೆಸಿದ್ದರು. ಕಬ್ಬಿಣದ ಕೆಲಸಕ್ಕೆ ಖಾನಾಪುರದ ಕಮ್ಮಾರ ಮಾನಪ್ಪ ಜೊತೆಗಿದ್ದ. ಹದಿನೈದು ವರ್ಷಗಳಿಂದ ನಾವಿಬ್ಬರೂ ಕೂಡಿ ಕೆಲಸ ಮಾಡಿದವರು.

ಕೆಟ್ಟದ್ದು ಮ್ಯಾಗ್ನೆಟೊ, ಅಂದರೆ ಇಂಜಿನ್ನಿಗೆ ಕಿಡಿ ಕೊಡುವ ಪೆಟ್ಟಿಗೆ. ಅದನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಚಕ್ರದ ಹಲ್ಲಿಗೆ ಹಲ್ಲು ಗುರುತು ನೋಡಿ ಕೂಡಿಸಬೇಕು. ಒಂದು ಹಲ್ಲು ತಪ್ಪಿದರೂ ಕಿಡಿ ಹೊತ್ತಿಗೆ ಮೊದಲೇ ಹಾರುತ್ತದೆ. ಚಾಲೂ ಮಾಡಲು ಹ್ಯಾಂಡಲ್ ತಿರುವುವವನ ಕೈಯನ್ನು ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಕೂಡಿಸಿದ ಮೇಲೆ ಮೇಲಿನ ತೂತಿನಲ್ಲಿ ಒಂದು ತಂತಿ ಇಳಿಸಿ, ಹ್ಯಾಂಡಲ್ಲನ್ನು ಮೆಲ್ಲಗೆ ಸರಿಸುತ್ತ, ಕಿಡಿಯ ಹೊತ್ತು ಸರಿಯಾಗಿದೆಯೇ ಎಂದು ನೋಡುವುದು ಕ್ರಮ. ಕಾಲು ತಾಸಿನ ಕೆಲಸ.

ಆ ಕಾಲು ತಾಸು ನನ್ನಲ್ಲಿರಲಿಲ್ಲ. ಪರ್ವದ ಹತ್ತೂ ದಿನ ನಾನು ಒಪ್ಪೊತ್ತಿನ ವ್ರತದಲ್ಲಿದ್ದೆ. ದಿನಕ್ಕೊಮ್ಮೆ ಅನ್ನ, ನೀರು. ಅದೂ ಹೊತ್ತು ಮುಳುಗುವುದರೊಳಗೆ. ಕೆಲಸ ಮುಗಿಸಿಯೇ ಉಣ್ಣುತ್ತೇನೆಂದು ಗೌಡರ ಮನೆಯವರ ಮುಂದೆ ದೊಡ್ಡಸ್ತಿಕೆಯಿಂದ ಹೇಳಿದ್ದೆ. ಈಗ ಗಂಟಲು ಒಣಗಿತ್ತು, ಬಿಸಿಲು ಗೋಡೆಯ ತುದಿಗೆ ಹೋಗಿತ್ತು. ಮುಳುಗಿದರೆ ಮರುದಿನದ ತನಕ ಹನಿ ನೀರಿಲ್ಲ.

"ಮಾನಪ್ಪಾ, ತಿರುವು," ಎಂದೆ.

"ಅಲ್ರೀ ಮಿಸ್ತ್ರಿಯವರ, ತಂತಿ ಹಾಕಿ ನೋಡೂದಿಲ್ಲೇನ್ರಿ?"

"ನನಗ ಕಲಿಸಾಕ ಬರಬ್ಯಾಡೋ ಮಾರಾಯಾ. ಹೊತ್ತು ಮುಳಗಾಕ ಬಂದೈತಿ. ತಿರುವು."

ಅವನು ನಕ್ಕ. "ಆತು ಬಿಡ್ರಿ, ಉಪಾಸ ಇದ್ದವರಿಗೆ ಸಿಟ್ಟು ಮೂಗಿನ ಮ್ಯಾಲ," ಎಂದು ಹ್ಯಾಂಡಲ್ ಹಿಡಿದ. ಎರಡನೆಯ ಸುತ್ತಿಗೆ ಇಂಜಿನ್ ಗುಡುಗಿ ಹಿಂದಕ್ಕೆ ತಿರುಗಿತು. ಕಬ್ಬಿಣದ ಹ್ಯಾಂಡಲ್ ಅವನ ಮುಂಗೈಗೆ ಬಡಿಯಿತು. ಎಲುಬು ಮುರಿದು ತೊಗಲು ಹರಿದು ಹೊರಗೆ ಬಂದಿತ್ತು. ಅವನು ಗೌಡರ ಕೊಟ್ಟಿಗೆಯ ಕೆಸರಿನಲ್ಲಿ ಕುಸಿದು ಕುಳಿತ.

ಗೌಡರು ಓಡಿ ಬಂದರು. "ಏನಾತೋ?" ಎಂದರು. ಅವರು ನೋಡಿದ್ದು ನನ್ನ ಕಡೆಗೆ.

ಹ್ಯಾಂಡಲ್ ಹಿಡಿಯುವವರಿಗೆ ಒಂದು ನಿಯಮವಿದೆ. ಹೆಬ್ಬೆರಳನ್ನು ಹಿಡಿಕೆಗೆ ಸುತ್ತಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು. ಸುತ್ತಿದರೆ ಒದ್ದಾಗ ಕೈ ಬಿಡಿಸಿಕೊಳ್ಳಲು ಬರುವುದಿಲ್ಲ. "ಹೆಬ್ಬೆಟ್ಟು ಸುತ್ತಿದ್ದ ನೋಡ್ರಿ," ಎಂದೆ. "ಎಷ್ಟ ಸಲ ಹೇಳಿದ್ರೂ ಕೇಳೂದಿಲ್ಲ. ಇಂಜಿನ್ ಏನೋ ಸರಿ ಐತಿ."

"ಸುತ್ತಿಲ್ರೀ," ಎಂದ ಮಾನಪ್ಪ. "ಗೌಡ್ರ, ಖರೇನ ಸುತ್ತಿಲ್ರೀ."

ಗೌಡರು ನಂಬಿದ್ದು ಓದಿದವನ ಮಾತನ್ನು. ನಾನು ಹೊತ್ತಿನೊಳಗೆ ಕೈ ತೊಳೆದು, ಎರಡು ತುತ್ತು ಉಂಡು ನೀರು ಕುಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಕುಡಿದದ್ದು ನಿಜ.

ಮರುದಿನ ಚಕ್ಕಡಿಯಲ್ಲಿ ಖಾನಾಪುರಕ್ಕೆ, ಅಲ್ಲಿಂದ ರೈಲಿನಲ್ಲಿ ಬೆಳಗಾವಿಯ ದೊಡ್ಡ ದವಾಖಾನೆಗೆ ಅವನನ್ನು ಸಾಗಿಸಿದೆವು. ಅವನ ಹೆಂಡತಿ ಗಂಗವ್ವ ಖಾನಾಪುರದಿಂದ ದಾರಿಯುದ್ದಕ್ಕೂ ಸೆರಗಿನಿಂದ ನೊಣ ಹೊಡೆಯುತ್ತ ಕುಳಿತಿದ್ದಳು. ಗಾಯದಲ್ಲಿ ಕೆಸರು ಸೇರಿತ್ತು. ಡಾಕ್ಟರರು ಎಲುಬು ಕೂಡಿಸಿ ಕಟ್ಟಿದರು. ಮೂರನೆಯ ದಿನಕ್ಕೆ ಜ್ವರ ಏರಿತು, ಬೆರಳು ಕಪ್ಪಿಟ್ಟವು. ಕೈ ತೆಗೆಯಬೇಕಾದೀತು ಎಂದರು.

ನಾನು ದಿನಾಲು ಬಸದಿಗೆ ಹೋಗುತ್ತಿದ್ದೆ. ತೀರ್ಥಂಕರರು ಬೇಡಿದ್ದನ್ನು ಕೊಡುವವರಲ್ಲ, ಅವರು ದಾರಿ ತೋರಿಸಿ ಹೋದವರು, ಇದು ನನಗೆ ಗೊತ್ತು. ಆದ್ದರಿಂದ ಮೊರೆ ಕೇಳುವ ಯಕ್ಷಿ ಪದ್ಮಾವತಿ ಅಮ್ಮನವರ ಮುಂದೆ ಕೂರುತ್ತಿದ್ದೆ. ಮಾನಪ್ಪನ ಕೈ ಉಳಿಸು ಎಂದು ಬೇಡುತ್ತಿದ್ದೆ. ಅದರ ಬೆನ್ನಿಗೇ, ತುಟಿ ಅಲುಗಿಸದೆ, ನನ್ನ ಸುಳ್ಳು ಹೊರಗೆ ಬೀಳದಿರಲಿ ಎಂದೂ ಬೇಡುತ್ತಿದ್ದೆ. "ಈ ವಯಸ್ಸಿನಾಗ ಹತ್ತೂ ದಿನ ಒಪ್ಪತ್ತು, ಮ್ಯಾಲ ದವಾಖಾನಿ ಸೇವಾ. ಪುಣ್ಯವಂತರು ನೀವು," ಎಂದು ಹೆಂಗಸರು ನನಗೆ ಕೈ ಮುಗಿಯುತ್ತಿದ್ದರು.

ಪರ್ವದ ಒಂಬತ್ತನೆಯ ದಿನ ಮುಂಜಾನೆ ದವಾಖಾನೆಗೆ ಹೋದಾಗ ಗಂಗವ್ವ ಹೊರಗಿನ ಪಾವಟಿಗೆಯ ಮೇಲೆ ಕುಳಿತಿದ್ದಳು.

"ಅಣ್ಣಾರ," ಎಂದಳು, "ಜ್ವರದಾಗೂ ಅದೊಂದ ಮಾತ್ರೀ. ಹೆಬ್ಬೆಟ್ಟು ಸುತ್ತಿಲ್ಲ, ಸುತ್ತಿಲ್ಲ ಅಂತಾರ. ನೀವು ಒಂದ್ ಸಲ ಒಳಗ ಹೋಗಿ, ಆತು ಸುತ್ತಿಲ್ಲ ಬಿಡು ಅಂತ ಅಂದು ಬಿಡ್ರಿ. ಸುಳ್ಳರ ಆಗಲಿ, ಸಮಾಧಾನ ಆಗತೈತಿ."

ಆಕೆ ಮುಂದುವರಿಸಿದಳು: "ನಮ್ಮ ಮೈದುನ ಕಾಳಪ್ಪ ನಿನ್ನಿ ಪಾರಿಶ್ವಾಡಕ್ಕ ಹ್ವಾದ. ಗೌಡ್ರು ಇವರ ಬದಲಿ ಅವನ್ನ ಕರಿಸ್ಯಾರ. ನಾಳಿ ಚತುರ್ದಶಿ, ಒಳ್ಳೆ ದಿನ, ಹೊತ್ತೇರಿದ ಮ್ಯಾಲ ಇಂಜಿನ್ ಚಾಲೂ ಮಾಡ್ತಾರಂತ. ಹೆಬ್ಬೆಟ್ಟು ಬಾಜೂಕ ಇಟಗೋ ಅಂತ ಇವರು ಹತ್ತು ಸಲ ಹೇಳಿ ಕಳಿಸ್ಯಾರ."

ಆ ಇಂಜಿನ್ನನ್ನು ನಾನು ಇದ್ದ ಹಾಗೆಯೇ ಬಿಟ್ಟು ಬಂದಿದ್ದೆ. ಮತ್ತೆ ಬಿಚ್ಚಿದ್ದರೆ ತಪ್ಪು ಯಾರದೆಂದು ಎಲ್ಲರಿಗೂ ತಿಳಿಯುತ್ತಿತ್ತು. ಕಾಳಪ್ಪ ಹೆಬ್ಬೆರಳನ್ನು ಎಲ್ಲಿಟ್ಟರೂ ಆ ಹ್ಯಾಂಡಲ್ ಅವನ ಅಣ್ಣನನ್ನು ಹೊಡೆದ ಹಾಗೆಯೇ ಅವನನ್ನೂ ಹೊಡೆಯುವುದು. ತಲೆಗೆ ಬಿದ್ದರೆ ಉಳಿಯಲಾರ.

ದವಾಖಾನೆಯಿಂದ ನೇರ ಬಸದಿಗೆ ಹೋದೆ. ಈ ಸಲ ಬೇಡಿದ್ದು ಒಂದೇ. "ಅಮ್ಮಾ, ನನ್ನ ಮಾನ ಹೋಗಲಿ. ನಾನು ಮುಟ್ಟುವ ತನಕ ಆ ಇಂಜಿನ್ನಿಗೆ ಯಾರೂ ಕೈ ಹಚ್ಚದಿರಲಿ." ಮಧ್ಯಾಹ್ನದ ರೈಲು ಹಿಡಿದು ಖಾನಾಪುರದಲ್ಲಿ ಇಳಿದೆ. ಮಳೆಗೆ ದಾರಿಯ ಹಳ್ಳ ತುಂಬಿ ಪಾರಿಶ್ವಾಡದ ಕಡೆಯ ಮೋಟಾರು ನಿಂತಿತ್ತು. ಚಕ್ಕಡಿಯವರೂ ಒಲ್ಲೆವೆಂದರು. ಮರುದಿನ ಬೆಳಕು ಹರಿದೊಡನೆ ನಡೆದೇ ಹೊರಟೆ. ನೀರು ಸೊಂಟದ ತನಕ ಇದ್ದ ಕಡೆ ಇಬ್ಬರು ಕುರುಬರು ಕೈ ಹಿಡಿದು ದಾಟಿಸಿದರು. ಅಷ್ಟು ವಯಸ್ಸಾದವನು ಯಾಕೆ ಹೀಗೆ ಓಡುತ್ತಾನೆಂದು ಅವರು ಮರಾಠಿಯಲ್ಲಿ ಮಾತಾಡಿಕೊಂಡರು.

ಪಾರಿಶ್ವಾಡ ಹತ್ತಿರವಾದಂತೆ ನಿಂತು ನಿಂತು ಕಿವಿಗೊಟ್ಟೆ. ಇಂಜಿನ್ನಿನ ಸದ್ದಿಲ್ಲ. ಹೊತ್ತು ಆಗಲೇ ನೆತ್ತಿಗೆ ಬಂದಿತ್ತು. ಸದ್ದಿಲ್ಲವೆಂದರೆ ಇನ್ನೂ ತಿರುವಿಲ್ಲವೋ, ಇಲ್ಲ ತಿರುವಿ ಆಗಿಹೋಗಿದೆಯೋ ತಿಳಿಯಲಿಲ್ಲ. ಣಮೋಕಾರ ಮಂತ್ರ ನಾಲಿಗೆಗೆ ಬರುತ್ತಿತ್ತು, ಅರ್ಧಕ್ಕೆ ಮರೆಯುತ್ತಿತ್ತು.

ಕೊಟ್ಟಿಗೆಯಲ್ಲಿ ಕಾಳಪ್ಪ ಗೋಡೆಗೆ ಒರಗಿ ಅವಲಕ್ಕಿ ತಿನ್ನುತ್ತಿದ್ದ. ಎರಡು ಕೈಗಳೂ ಇದ್ದವು. ಟ್ರ್ಯಾಕ್ಟರಿನ ಪಕ್ಕ ಮಣೆ ಹಾಕಿಕೊಂಡು ಗೌಡರ ತಾಯಿ ಆದವ್ವ ಕೋಲು ಹಿಡಿದು ಕುಳಿತಿದ್ದರು. ಗೌಡರು ಅತ್ತಿಂದಿತ್ತ ತಿರುಗುತ್ತಿದ್ದರು.

"ಬರ್ರಿ ಮಿಸ್ತ್ರಿಯವರ, ನೀವರ ಹೇಳ್ರಿ ನಮ್ಮವ್ವಗ," ಎಂದರು ಗೌಡರು. "ಐದಾರು ದಿನ ನಿಂತದ್ದ ತಡ, ಹೊಗಿ ನಳಿಗಿಯೊಳಗ ಕಣಜ ಮಣ್ಣಿನ ಮನಿ ಕಟ್ಟೇತಿ. ಊರಾಗ ಅದಕ್ಕ ಬ್ಯಾರೆ ಜಾಗಾನ ಸಿಗಲಿಲ್ಲಂತ."

"ಒಳಗ ಮರಿ ಅದಾವ," ಎಂದರು ಆದವ್ವ. "ದಶಲಕ್ಷಣದಾಗ ಬೆಂಕಿ ಹೊಗಿ ಹಾಕಿ ಜೀವ ತಗಿತೀಯೇನೋ? ಹಾರಿ ಹೋಗೂತನಕ ಈ ನಿನ್ನ ಎತ್ತು ನಿಂತಿರಲಿ. ಹುಲ್ಲರ ತಿಂತೈತೇನು?"

"ಅವ್ವಾರು ಮುಂಜಾನಿಂದ ಕಾವಲು ಕುಂತಾರ್ರೀ," ಎಂದ ಕಾಳಪ್ಪ ನಗುತ್ತ. "ಹ್ಯಾಂಡಲ್ ಮುಟ್ಟಾಕ ಹ್ವಾದ್ರ ನನ್ನ ಕೈಗೇ ಕೋಲು ಹಾಕಿದ್ರು."

ನಾನು ಕೆಸರಿನಲ್ಲಿ ಮಂಡಿಯೂರಿ ಅಳತೊಡಗಿದೆ. ಒಂದು ಇರುವೆ ಸತ್ತೀತೆಂದು ಅರಿವೆ ಹಿಡಿದ ನಾನು ಒಬ್ಬ ಮನುಷ್ಯನನ್ನು ಕೆಡವಿದ್ದೆ. ಇನ್ನೊಬ್ಬನನ್ನು ಉಳಿಸಲು ಅಮ್ಮನವರು ಒಂದು ಹುಳವನ್ನೂ ಓದು ಬಾರದ ಒಬ್ಬ ಮುದುಕಿಯನ್ನೂ ಕಳಿಸಿದ್ದರು. ಎಲ್ಲರ ಮುಂದೆ ಎಲ್ಲವನ್ನೂ ಹೇಳಿದೆ. ಮ್ಯಾಗ್ನೆಟೊ ಬಿಚ್ಚಿ ತಪ್ಪಿದ ಹಲ್ಲನ್ನು ಬೆರಳಿಟ್ಟು ತೋರಿಸಿದೆ. ಕಾಳಪ್ಪ ಎದ್ದು ಬಂದ. ಹೊಡೆಯುತ್ತಾನೆಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ.

"ನನಗ್ಯಾಕ ಹೇಳ್ತೀರಿ?" ಎಂದ. "ನಮ್ಮಣ್ಣಗ ಹೇಳ ನಡೀರಿ."

ಬೆಳಗಾವಿಗೆ ನಾವಿಬ್ಬರೂ ಕೂಡಿಯೇ ಬಂದೆವು. ಹಳ್ಳ ದಾಟಿ ಮುಟ್ಟಲು ಎರಡು ದಿನ ಹಿಡಿಯಿತು. ನಾವು ದವಾಖಾನೆ ಮುಟ್ಟಿದ ದಿನ ಕ್ಷಮಾವಣಿ. ನಮ್ಮ ಜನ ಮನೆ ಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಹಿಂದಿನ ದಿನವೇ ಮೊಣಕೈ ಕೆಳಗೆ ಕೈ ತೆಗೆದಿದ್ದರು. ಜ್ವರ ಇಳಿದಿತ್ತು. ಜೀವಕ್ಕೆ ಭಯವಿಲ್ಲವೆಂದು ಡಾಕ್ಟರರು ಹೇಳಿದ್ದರು.

ಮಂಚದ ಪಕ್ಕ ನಿಂತು ಹೇಳಿದೆ. ತಿಳಿಯದೆ ಮಾಡಿದೆ ಎನ್ನಲಿಲ್ಲ, ತಿಳಿದೇ ಮಾಡಿದೆ ಎಂದೆ. ಮಾನಪ್ಪ ಕೇಳಿಸಿಕೊಂಡ.

"ಗೌಡ್ರ ಮುಂದ ಹೇಳಿದ್ರಿ?"

"ಹೇಳೇನಿ."

"ಊರವರ ಮುಂದ?"

"ಹೇಳೇನಿ, ಮಾನಪ್ಪಾ."

"ಕೈ ಹೋಗೂತನಕ ಕಾದು ಹೇಳಿದ್ರಿ," ಎಂದು ಗೋಡೆಯ ಕಡೆ ಮುಖ ತಿರುವಿದ. ಅವನ ಬೆನ್ನು ಅಲುಗುತ್ತಿತ್ತು. ಗಂಗವ್ವ ನನ್ನ ಕಡೆ ನೋಡಲೂ ಇಲ್ಲ. ಆ ದಿನ ನನಗೆ ಕ್ಷಮೆ ಸಿಗಲಿಲ್ಲ.

ಕೈ ಉಳಿಸೆಂದು ಬೇಡಿದ್ದು ನಡೆಯಲಿಲ್ಲ. ಸುಳ್ಳನ್ನು ಮಗ್ಗುಲಲ್ಲಿಟ್ಟುಕೊಂಡು ಬೇಡಿದ ಬೇಡಿಕೆ ಅದು. ಸುಳ್ಳನ್ನು ಬಿಟ್ಟು ಬೇಡಿದ ಒಂದೇ ಮಾತನ್ನು ಅಮ್ಮನವರು ನಾನು ಪಾರಿಶ್ವಾಡ ಮುಟ್ಟುವ ಮೊದಲೇ ನಡೆಸಿಕೊಟ್ಟಿದ್ದರು. ಅಂದಿನಿಂದ ನನ್ನ ನಂಬಿಕೆ ಅಲುಗಿಲ್ಲ. ನನ್ನ ದುಃಖವೂ ಕಡಿಮೆಯಾಗಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವೆಂದು ಈಗ ತಿಳಿದಿದೆ.

ಮಾನಪ್ಪನ ಕುಲುಮೆಯನ್ನು ಈಗ ಕಾಳಪ್ಪ ನಡೆಸುತ್ತಾನೆ. ಇಂಜಿನ್ ಕೆಲಸವನ್ನೂ ಅವನಿಗೆ ಕಲಿಸಿದ್ದೇನೆ. ನನ್ನ ದುಡಿಮೆಯ ಪಾಲು ಆ ಮನೆಗೆ ಹೋಗುತ್ತದೆ. ಇದನ್ನು ಹೊಗಳಿಕೆಗೆ ಬರೆದಿಲ್ಲ, ಹೊಗಳಬೇಡಿರಿ. ಪ್ರತಿ ವರ್ಷ ಕ್ಷಮಾವಣಿಯ ದಿನ ಖಾನಾಪುರಕ್ಕೆ ಹೋಗಿ ಮಾನಪ್ಪನ ಹೊಸ್ತಿಲಲ್ಲಿ ಕೈ ಮುಗಿದು ನಿಲ್ಲುತ್ತೇನೆ. ಮೂರು ವರ್ಷ ಅವನು ಎದ್ದು ಒಳಗೆ ಹೋದ. ಈ ವರ್ಷ ಹೋಗಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಎಡಗೈಯನ್ನು ಎತ್ತಿ ಎದೆಯ ಮೇಲಿಟ್ಟುಕೊಂಡು ತುಸು ತಲೆ ಬಾಗಿಸಿದ. ಒಂದೇ ಕೈ ಇದ್ದವನು ಮಾಡಬಲ್ಲ ನಮಸ್ಕಾರ ಅಷ್ಟೇ.