ಅಪ್ಪನ ಸ್ಕೂಟರಿನ ದಂಡ, ನನ್ನ ಫೋನಿಗೆ

ನಮ್ಮ ಮನೆಯಲ್ಲಿ ಯಾವ ಅರ್ಜಿ ತುಂಬಿದರೂ ಫೋನ್ ನಂಬರಿನ ಜಾಗದಲ್ಲಿ ನನ್ನ ನಂಬರೇ. ಗ್ಯಾಸು, ರೇಷನ್ ಕಾರ್ಡು, ಬ್ಯಾಂಕು, ಅಪ್ಪನ ಸ್ಕೂಟರು, ಎಲ್ಲಕ್ಕೂ. ಇಂಗ್ಲಿಷ್ ಮೆಸೇಜು ಬಂದರೆ ಓದಿ ಹೇಳುವವಳು ನಾನೆಂದು ಎಂದೋ ಆದ ಏರ್ಪಾಡು. ಹಾಗಾಗಿ ಅಪ್ಪ ಬೇಲೂರಿನಲ್ಲಿ ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ಗಾಡಿ ನಿಲ್ಲಿಸಿದ ಸುದ್ದಿ, ಅವರಿಗೇ ಗೊತ್ತಾಗುವ ಮೊದಲು ಅರಸೀಕೆರೆಯ ನನ್ನ ಆಫೀಸಿಗೆ ಬಂತು.

ದಂಡದ ಮೆಸೇಜಿನಲ್ಲಿದ್ದ ಲಿಂಕ್ ಒತ್ತಿದರೆ ಫೋಟೊ. ಬೂದು ಸ್ಕೂಟರು, ಹ್ಯಾಂಡಲ್ಲಿಗೆ ತಗುಲಿಹಾಕಿದ ಬಟ್ಟೆ ಚೀಲ, ಗಂಟೆ, ನಿಮಿಷ, ಸಕಲವೂ. ಸಿಟ್ಟು ನೆತ್ತಿಗೇರಿತು. ದಂಡಕ್ಕಲ್ಲ. ಹೋದ ವರ್ಷ ಜಲ್ಲಿಯ ಮೇಲೆ ಜಾರಿ ಮಂಡಿ ಒಡೆದುಕೊಂಡಾಗ, ಇನ್ನು ಗಾಡಿ ಮುಟ್ಟುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದರು. ಡಾಕ್ಟರೇನೂ ಬೇಡ ಅಂದಿರಲಿಲ್ಲ. ಬೇಡ ಅಂದವಳು ನಾನು.

ಮೊದಲೆಲ್ಲ ಪೊಲೀಸಿನವರು ಗಾಡಿಗೆ ಚೀಟಿ ಸಿಕ್ಕಿಸಿ ಹೋಗುತ್ತಿದ್ದರು, ಇಲ್ಲವೇ ಎದುರಿಗೇ ನಿಂತು ಬೈಯುತ್ತಿದ್ದರು. ಬೈಸಿಕೊಂಡವನು ಮನೆಯಲ್ಲಿ ಹೇಳಿದರೆ ಹೇಳಿದ, ಬಿಟ್ಟರೆ ಬಿಟ್ಟ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಈಗ ಮಾಡಿದವರು ನಿಶ್ಚಿಂತೆಯಾಗಿರುತ್ತಾರೆ, ಉಣ್ಣುವವರು ನಂಬರಿನವರು.

ಭಾನುವಾರ ಹಳೇಬೀಡಿಗೆ ಹೋದೆ. ಅಪ್ಪ ನನ್ನ ತಮ್ಮನ ಮನೆಯ ಜಗಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. ಫೋಟೊ ಮುಂದೆ ಹಿಡಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ನಂಗೇ ಗೊತ್ತಿಲ್ವಲ್ಲೇ ಇದು! ನಿಂಗ್ಯಾಕೆ ಬಂತು?”

“ನಂಬರು ನಂದು.”

“ಹಂಗಾದ್ರೆ ನಾನೆಲ್ಲಿ ನಿಂತ್ರೂ ನಿಂಗೆ ಗೊತ್ತಾಗುತ್ತೆ ಅನ್ನು.”

“ಅಷ್ಟೊಂದು ಬಸ್ಸಿದಾವೆ ಅಪ್ಪಾ. ಬೇಲೂರಿಗೆ ಹೋಗೋಕೆ ಗಾಡೀನೇ ಬೇಕಾ?”

ಅಪ್ಪ ಇನ್ನೊಂದು ಕಾಯಿ ಮುರಿದರು. “ಬಸ್ ಹತ್ತಿದ ತಕ್ಷಣ ಯಾರಾದ್ರೂ ಎದ್ದು ಜಾಗ ಬಿಡ್ತಾರೆ ಕಣೇ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ಮುದುಕ ಆಗ್ಬೇಕು. ಗಾಡೀಲಿ ಹೋದ್ರೆ ಆ ತಾಪತ್ರಯ ಇಲ್ಲ.”

ಅವರು ಕೊಟ್ಟ ಮಾತು ಮುರಿದದ್ದು ನಿಜ. ಆದರೆ ಮಂಡಿ ನೋವಲ್ಲಿ ಮಲಗಿದ್ದವರಿಂದ ಆ ಮಾತನ್ನು ಕಿತ್ತುಕೊಂಡವಳು ನಾನೇ. ನಾಚಿಕೆಯಾಯಿತು.

ಮರುದಿನ ರಜೆ ಹಾಕಿ, ಅಪ್ಪನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಅಂಗಡಿಗೆ ಕರೆದುಕೊಂಡು ಹೋದೆ. ದಂಡ ಕಟ್ಟಿದ್ದಾದ ಮೇಲೆ, ಸ್ಕೂಟರಿನ ದಾಖಲೆಯಲ್ಲಿ ನನ್ನ ನಂಬರು ತೆಗೆದು ಅಪ್ಪನ ನಂಬರು ಹಾಕಿ ಅಂದೆ. ಅಂಗಡಿಯವರು ಏನೇನೋ ಒತ್ತಿ, “ಹಳೇ ನಂಬರಿಗೆ ಓಟಿಪಿ ಬಂದೈತೆ ನೋಡಿ ಮೇಡಂ, ಹೇಳಿ” ಅಂದರು.

ಬಂದಿತ್ತು. ಆರು ಅಂಕಿ. ಇದನ್ನು ಹೇಳಿಬಿಟ್ಟರೆ ಇನ್ನು ಮೇಲೆ ಅಪ್ಪ ಯಾವ ರಸ್ತೆಗೆ ಹೋಗಿದ್ದರೆಂದು ನನಗೆ ತಿಳಿಯುವುದಿಲ್ಲ. ಬಿದ್ದರೂ, ಅವರಾಗಿ ಹೇಳಿದರೆ ಉಂಟು. ಭಯವಾಯಿತು.

“ಬರಲಿಲ್ವೇನೇ?” ಅಪ್ಪ ಕೇಳಿದರು. ಹೆಲ್ಮೆಟ್ಟು ಆಗಲೇ ಕೈಯಲ್ಲಿತ್ತು.

“ಬಂತು” ಅಂದು, ಒಂದೊಂದೇ ಅಂಕಿ ಓದಿ ಹೇಳಿದೆ.