ಹಿಮ್ಮಡಿ ನೋಡ್ಕಂಡು ಬಾ

ಚಾಮರಾಜನಗರದ ಆ ಕಾಲೇಜಿನಲ್ಲಿ ಫಿಟ್‌ನೆಸ್ ಟೆಸ್ಟ್ ಎಂದು ನೋಟಿಸ್ ಬಿದ್ದರೆ ಸಾಕು, ಇಲ್ಲದ ಕಾಯಿಲೆಗಳೆಲ್ಲ ಹುಟ್ಟಿಕೊಳ್ಳುತ್ತಿದ್ದವು. ಒಬ್ಬನಿಗೆ ಕಾಲುಳುಕು, ಇನ್ನೊಬ್ಬಳಿಗೆ ತಲೆನೋವು. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುವ ಮಾನಸಳಂತೂ ಮೈದಾನವೇ ಸರಿಯಿಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹಿಂದಿನ ಎರಡು ವರ್ಷವೂ ಅವಳು ಹನ್ನೆರಡು ನಿಮಿಷದ ಓಟವನ್ನು ಅರ್ಧಕ್ಕೇ ಬಿಟ್ಟು ಬೇವಿನ ಮರದಡಿ ಕೂತವಳು.

ವ್ಯಾಯಾಮದ ಮೇಷ್ಟ್ರು ಮೃತ್ಯುಂಜಯ ಕೆಲಸಕ್ಕೆ ಸೇರಿದ ಕಾಲದಲ್ಲಿ ಖೋ ಖೋ ಆಡುವ ಹುಡುಗರನ್ನು ಸೀಟಿ ಊದಿ ಮನೆಗೆ ಅಟ್ಟಬೇಕಿತ್ತು. ಈಗ ಸೀಟಿ ಊದಿ ಊದಿ ಕರೆಯಬೇಕು. ಇದು ಅವರ ಕೊನೆಯ ಟೆಸ್ಟು, ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಈ ಹುಡುಗಿ ಕೊನೆಯ ಸೀಟಿಯವರೆಗೂ ಓಡುವುದನ್ನು ನೋಡಬೇಕೆಂಬ ಹಟ ಅವರಿಗೆ. ಅಂಕದ ಆಸೆ ತೋರಿಸಿದ್ದರು, ಗದರಿದ್ದರು. ಅವಳು ಯಾವುದಕ್ಕೂ ಜಗ್ಗಿರಲಿಲ್ಲ.

ಅವತ್ತೂ ಅದೇ ಕತೆ. ಮೂರನೆಯ ಸುತ್ತಿಗೇ ಮಾನಸ ಮರದ ಕಡೆ ತಿರುಗಿದಳು.

"ಯಾಕಮ್ಮಿ?"

"ಆಯ್ತಾ ಇಲ್ಲ ಸಾ. ಇನ್ನೂ ಎಷ್ಟ್ ಸುತ್ತೋ ಅಂತ ನೆನೆದ್ರೇ ಉಸುರು ಕಟ್ತದೆ. ಹಿಂದೆ ಬಿದ್ದೋಳ್ನ ನೋಡಿ ಎಲ್ರೂ ನಗ್ತಾವ್ರೆ."

ಆ ಮಾತು ಮೇಷ್ಟ್ರನ್ನು ಬಾಲ್ಯಕ್ಕೆ ಎಳೆದೊಯ್ದಿತು. ಹರಕೆ ತೀರಿಸಲೆಂದು ಅವ್ವ ದೊಡ್ಡಮಲ್ಲಮ್ಮ ಮಗನನ್ನು ಕುದೇರಿನಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಸಿಕೊಂಡು ಹೋಗಿದ್ದಳು. ತಾಳಬೆಟ್ಟದ ಬುಡದಲ್ಲಿ ಏರು ನೋಡಿದ್ದೇ ಹುಡುಗ ಕುಸಿದು ಕೂತು ಅತ್ತ. ಅವ್ವ ಬೈಯಲಿಲ್ಲ.

"ಬೆಟ್ಟ ನೋಡ್ಬ್ಯಾಡ ಕಣ್ಲಾ ಮಗ. ನನ್ನ ಹಿಮ್ಮಡಿ ನೋಡ್ಕಂಡು ಬಾ" ಎಂದು ಮುಂದೆ ನಡೆದಳು.

ಸುತ್ತ ಉಘೇ ಮಾದಪ್ಪ ಎಂಬ ಕೂಗು, ಕಣ್ಣ ಮುಂದೆ ಬಿರಿದು ಮಣ್ಣು ಮೆತ್ತಿದ ಆ ಹಿಮ್ಮಡಿ. ಕೊನೆಯ ತಿರುವಿನಲ್ಲಿ ಹುಡುಗ ಅವ್ವನನ್ನೇ ದಾಟಿ ಓಡಿದ್ದ. ಅವ್ವ ಹಿಂದಿನಿಂದ ಜೋರಾಗಿ ನಕ್ಕಿದ್ದಳು. ಆ ನಗು ನೆನಪಾಗಿ ಮೇಷ್ಟ್ರ ಕಣ್ಣು ತುಂಬಿತು.

ಅವರು ಸೀಟಿಯನ್ನೂ ಗಡಿಯಾರವನ್ನೂ ಅಟೆಂಡರ್ ಲಿಂಗಯ್ಯನ ಕೈಗಿತ್ತು, ಸವೆದ ಮಂಡಿ ತಿಕ್ಕಿಕೊಂಡು ಸುಣ್ಣದ ಗೆರೆಯೊಳಗೆ ಇಳಿದರು.

"ಸುತ್ತು ಎಣಿಸ್ಬ್ಯಾಡ ಕಣಮ್ಮಿ. ನನ್ನ ಹಿಮ್ಮಡಿ ನೋಡ್ಕಂಡು ಬಾ. ನಗೋರು ನನ್ನ ನೋಡ್ಕಂಡು ನಗ್ಲಿ ಬುಡು."

ಮೇಷ್ಟ್ರ ಕುಂಟು ಓಟಕ್ಕೆ ಇಡೀ ಮೈದಾನವೇ ನಕ್ಕಿತು. ಮಾನಸಳಿಗೂ ನಗು ತಡೆಯಲಾಗಲಿಲ್ಲ, ನಗುತ್ತಲೇ ಅವರ ಹಿಂದೆ ಓಡತೊಡಗಿದಳು. ಸುತ್ತಿನ ಮೇಲೆ ಸುತ್ತು ಮುಗಿಯಿತು. ಕೊನೆಗೆ ಮೇಷ್ಟ್ರ ಮಂಡಿಯೇ ಕೈಕೊಟ್ಟಿತು. ಲಿಂಗಯ್ಯ ಸೀಟಿಯನ್ನು ಬಾಯಿಗಿಡುವ ಹೊತ್ತಿಗೆ ಮಾನಸ ಮೇಷ್ಟ್ರನ್ನು ದಾಟಿ ಹೋದಳು. ಹೋಗುತ್ತಾ ತಿರುಗಿ ಕೂಗಿದಳು:

"ನಿಂತ್ಬುಡ್ಬ್ಯಾಡಿ ಸಾ! ನನ್ನ ಹಿಮ್ಮಡಿ ನೋಡ್ಕಂಡು ಬನ್ನಿ!"

ಮೇಷ್ಟ್ರು ಜೋರಾಗಿ ನಕ್ಕರು. ಅವತ್ತು ಬೆಟ್ಟದ ತಿರುವಿನಲ್ಲಿ ಅವ್ವ ಯಾಕೆ ನಕ್ಕಿದ್ದಳೆಂಬುದು ಅವರಿಗೆ ಈಗ ತಿಳಿಯಿತು.