ಕೂಗದ ಪೆಟ್ಟಿಗೆ

ಡಿಸ್ಕ್ ಪೆಟ್ಟಿಗೆ ಕೊಂಡ ಕಚೇರಿಗಳೆಲ್ಲ ಮಾಡುವ ಮೊದಲ ತಪ್ಪು ನೆಮ್ಮದಿಯಾಗಿ ಕೂರುವುದು. ಹೀಗೆನ್ನುವ ಹೆಂಗಸನ್ನು ಊರಿನ ಕಚೇರಿಗಳಲ್ಲಿ ಡಬ್ಬಿ ಡಾಕ್ಟರಮ್ಮ ಎನ್ನುತ್ತಾರೆ. ಕಚೇರಿಯ ಕಡತಗಳನ್ನೆಲ್ಲ ತುಂಬಿಡುವ, ನೆಟ್‌ವರ್ಕಿಗೆ ಜೋಡಿಸಿದ, ನಾಲ್ಕಾರು ಡಿಸ್ಕ್‌ಗಳಿರುವ ಪೆಟ್ಟಿಗೆಗಳನ್ನು ಕೂರಿಸುವುದು, ಕೆಟ್ಟರೆ ನೋಡುವುದು ಆಕೆಯ ಕೆಲಸ. ಒಂದು ಡಿಸ್ಕ್ ಸತ್ತರೆ ಉಳಿದವು ಅದರ ಹೊರೆ ಹೊರುತ್ತವೆ, ಪೆಟ್ಟಿಗೆ ಕುಯ್ಗುಟ್ಟುತ್ತದೆ. ಆಗಲೇ ಹೊಸದನ್ನು ಹಾಕಬೇಕು. ಕಾಯುತ್ತಾ ಕೂತು ಇನ್ನೊಂದೂ ಸತ್ತರೆ ಎಲ್ಲವೂ ಹೋದಂತೆ. ಇದನ್ನು ಆಕೆ ಪಾಠದಂತೆ ಒಪ್ಪಿಸುತ್ತಾಳೆ.

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಸಂಸ್ಥೆಯೊಂದರ ಪೆಟ್ಟಿಗೆಯೂ ಆಕೆಯದೇ ಜವಾಬ್ದಾರಿಯಾಗಿತ್ತು. ಅಲ್ಲಿ ಧ್ವನಿಮುದ್ರಣ ಮಾಡುವವನು ಆಕೆಯ ತಮ್ಮ. ಕೆಲಸ ಕೊಡಿಸಿದ್ದೂ ಆಕೆಯೇ. ಹೊರಗಿನವರು ನುಗ್ಗಬಾರದೆಂದು ಆ ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ಜೋಡಿಸಿರಲಿಲ್ಲ. ಹಾಗಾಗಿ ಅದಕ್ಕೆ ಮೇಲ್ ಕಳಿಸಲು ಬಾರದು, ಕೂಗಲಷ್ಟೇ ಬರುತ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದುದು ಅಕ್ಕ ತಮ್ಮ ಇಬ್ಬರಿಗೆ. ಆಗಾಗ ಅವಳು ಫೋನ್ ಮಾಡಿ ವಿಚಾರಿಸುತ್ತಿದ್ದಳು. ಕೂಗಿಲ್ಲ ಅಕ್ಕ, ಎಲ್ಲ ಸರಿಯಾಗಿದೆ ಎಂದು ಅವನು ಹೇಳುತ್ತಿದ್ದ. ಒಡಹುಟ್ಟಿದವನ ಮಾತು, ಹೋಗಿ ನೋಡಬೇಕೆಂದು ಅವಳಿಗೆ ಅನಿಸಲಿಲ್ಲ.

ಒಂದು ಬೆಳಿಗ್ಗೆ ಪೆಟ್ಟಿಗೆಯ ಒಂದು ಕಡತವೂ ತೆರೆಯಲಿಲ್ಲ. ಮುಗಿದ ಪುಸ್ತಕಗಳ ಪ್ರತಿ ಬೇರೆ ಕಡೆ ಇತ್ತು. ಮುಗಿಯದ ಒಂದೇ ಒಂದು ಪುಸ್ತಕ ಒಳಗೇ ಉಳಿದಿತ್ತು. ಅದನ್ನು ಓದುತ್ತಿದ್ದವರು ನಿವೃತ್ತ ಟೀಚರಮ್ಮ. ಕೊನೆಯ ಅಧ್ಯಾಯವೊಂದು ಬಾಕಿ ಇರುವಾಗ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆ ಧ್ವನಿ ಮತ್ತೆ ಬರುವಂಥದ್ದಲ್ಲ.

ಡಾಕ್ಟರಮ್ಮ ಬಂದು ಎರಡು ಡಿಸ್ಕ್ ಹೊರಗೆಳೆದಳು. ಎರಡೂ ಸತ್ತಿದ್ದವು. ಮೊದಲನೆಯದು ಸತ್ತಾಗಲೇ ಕೂಗಬೇಕಿತ್ತಲ್ಲ ಎಂದುಕೊಂಡು ಸೆಟ್ಟಿಂಗ್ ತೆರೆದು ನೋಡಿದರೆ ಕೂಗುವ ಸದ್ದನ್ನೇ ಆಫ್ ಮಾಡಲಾಗಿತ್ತು. ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್ ಯಾರ ಕೆಲಸವಿದು ಎಂದು ಕೇಳಿದರು.

ತಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ಸೆಟ್ಟಿಂಗ್ ಎಲ್ಲ ಅಕ್ಕನದೇ ಸಾರ್. ನಂದು ಬರೀ ರೆಕಾರ್ಡಿಂಗು," ಅಂದ.

ಆಕೆ ಸತ್ತ ಡಿಸ್ಕ್‌ಗಳನ್ನು ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ತಮ್ಮನನ್ನು ತಡೆದು ಕೇಳಿದಳು. ಅವನು ಮುಚ್ಚಿಡಲಿಲ್ಲ. ಟೀಚರಮ್ಮ ಓದುತ್ತಿದ್ದಾಗಲೇ ಅದು ಕೂಗಿತ್ತಂತೆ, ಗೋಡೆ ದಾಟಿ ಮೈಕಿಗೆ ಬಿದ್ದು ಒಳ್ಳೆಯ ಪುಟವೊಂದು ಹಾಳಾಗಿತ್ತಂತೆ. ಅವನು ಸದ್ದು ಆಫ್ ಮಾಡಿದ. ಆಮೇಲೆ ಹೇಳಿದರಾಯಿತು ಎಂದುಕೊಂಡು ಮರೆತ.

"ನಾನು ಫೋನ್ ಮಾಡ್ದಾಗ್ಲೂ ಮರ್ತಿದ್ಯಾ?"

"ಆಫ್ ಮಾಡಿದ್ಮೇಲೆ ಕೂಗಿಲ್ಲವಲ್ಲ ಅಕ್ಕ. ಸುಳ್ಳೇನ್ ಹೇಳ್ದೆ?"

"ಮೇಲೆ ಹೋಗಿ ಸಾರ್‌ಗೆ ಇದನ್ನೇ ಹೇಳು."

ಅವನು ರೇಲಿಂಗ್ ಹಿಡಿದು ನಿಂತೇ ಇದ್ದ. ನನಗೆ ಇದೊಂದೇ ಕೆಲಸ, ನಿನಗಾದರೆ ಹತ್ತು ಕಚೇರಿ ಇವೆ ಎಂದ. ಅವನ ಲೆಕ್ಕವೇನೋ ಸರಿಯಾಗಿತ್ತು. ಆದರೆ ಆ ಹತ್ತೂ ಕಚೇರಿಗಳು ಆಕೆಯನ್ನು ಕರೆಯುತ್ತಿದ್ದುದು ಆಕೆಯ ಮಾತಿನ ಮೇಲಿನ ನಂಬಿಕೆಯಿಂದ. ತಪ್ಪು ಆಕೆಯದೆಂದೇ ಉಳಿದು, ತಿಂಗಳೊಳಗೆ ಸಂಸ್ಥೆ ಬೇರೆಯವರನ್ನು ಗೊತ್ತು ಮಾಡಿಕೊಂಡಿತು. ಸುದ್ದಿ ಕೇಳಿ ಇನ್ನೂ ಮೂರು ಕಚೇರಿಗಳು ಕೈಬಿಟ್ಟವು.

ಈಗ ಆಕೆ ಪೆಟ್ಟಿಗೆಯನ್ನು ಮೈಕಿರುವ ಕೋಣೆಯಿಂದ ದೂರ, ಜನ ಓಡಾಡುವ ಹಾದಿಯಲ್ಲಿ ಇಡಿಸುತ್ತಾಳೆ. ಅರ್ಧ ಆದ ಕೆಲಸಕ್ಕೂ ದಿನವೂ ಬೇರೆಡೆ ಪ್ರತಿ ಮಾಡಿಸುತ್ತಾಳೆ. ಕೂರಿಸಿದ ದಿನವೇ ಡಿಸ್ಕೊಂದನ್ನು ಎಳೆದು, ಎಲ್ಲರನ್ನೂ ಕರೆದು ಅದರ ಕೂಗು ಕೇಳಿಸುತ್ತಾಳೆ. ಸದ್ದು ಸರಿ ಇದೆಯೇ ಎಂದು ಯಾರನ್ನೂ ಫೋನಿನಲ್ಲಿ ಕೇಳುವುದಿಲ್ಲ, ತಾನೇ ಹೋಗುತ್ತಾಳೆ.

ತಾಯಿ ರಾಜಿ ಮಾಡಿಸಲು ನೋಡಿದರು. ಚಿಕ್ಕವನು, ಹೆದರಿ ಹೇಳಿದ್ದು, ಮರೆತುಬಿಡು ಎಂದರು.

"ಸದ್ದು ಆಫ್ ಮಾಡಿದ್ದನ್ನ ಯಾವತ್ತೋ ಮರ್ತೆ ಕಣಮ್ಮ," ಅಂದಳು. "ಅವತ್ತು ಬಾಗಿಲಲ್ಲಿ ನಿಂತು ಹೇಳಿದ್ದನ್ನ ಹೆಂಗೆ ಮರೀಲಿ?"

ತಮ್ಮ ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೆ. ಆಕೆಯಿಂದ ಏನಾದರೂ ತಿಳಿಯಬೇಕಿದ್ದರೆ ಅಮ್ಮನ ಮೂಲಕ ಕೇಳಿಸುತ್ತಾನೆ. ಅವಳು ಅಮ್ಮನಿಗೆ ಉತ್ತರ ಹೇಳುತ್ತಾಳೆ.